ಸಾಲು ತಪ್ಪಿದ ಪದ

ನಮ್ಮ ತರ್ಜುಮೆದಾರರ ಎದುರು ಯಾರಾದರೂ ತಮಾಷೆಗೆ ‘ನಿಮಗೇನು ಹುಚ್ಚೇ?’ ಎಂದರೂ ಸಾಕು, ಬರೆಯುತ್ತಿದ್ದ ಲೇಖನಿಯನ್ನು ಕೆಳಗಿಟ್ಟು ‘ಯಾವ ಅರ್ಥದಲ್ಲಿ ಹೇಳಿದ್ರಿ?’ ಎಂದು ಕೇಳುತ್ತಿದ್ದರು. ಸುತ್ತಲಿನವರು ನಗುತ್ತಿದ್ದರು, ಅವರು ನಗುತ್ತಿರಲಿಲ್ಲ. ನ್ಯಾಯಾಲಯದ ಭಾಷಾಂತರ ವಿಭಾಗದಲ್ಲಿ ಹನ್ನೊಂದು ವರ್ಷ ನಾನು ಅವರ ಪಕ್ಕದ ಮೇಜಿನವನು. ಗಿಡ್ಡ ನಿಘಂಟಿನ ಭಾರಕ್ಕೆ ಬಲಜೇಬು ಜೋತುಬಿದ್ದ ಕಂದು ಕೋಟು, ಆ ಭಾರದತ್ತಲೇ ವಾಲಿದ ನಡಿಗೆ, ಪ್ರತಿ ಮಾತಿಗೂ ಮುನ್ನ ‘ಅಂದರೆ’ ಎಂಬ ತಡವರಿಕೆ, ಇಷ್ಟೇ ಅವರ ಬಾಹ್ಯ ಚರಿತ್ರೆ.

ಬುದ್ಧಿಭ್ರಮಣೆಗೆ ಇಂಗ್ಲಿಷಿನಲ್ಲಿರುವ ಪದಗಳ ಹುಟ್ಟನ್ನು ಅವರು ಗತಿಸಿದ ಬಂಧುಗಳ ವಂಶಾವಳಿಯಂತೆ ಬಲ್ಲವರಾಗಿದ್ದರು. ಲ್ಯೂನಟಿಕ್ ಎಂದರೆ ಚಂದ್ರ ಬಡಿದವನು; ಮೆಲಂಕಲಿ ಎಂದರೆ ಕಪ್ಪು ಪಿತ್ತ; ಕ್ರೇಜಿ ಎಂದರೆ ಬಿರುಕು ಬಿಟ್ಟದ್ದು. ಹಿಸ್ಟೀರಿಯಾ ಗರ್ಭಕೋಶದ ಹೆಸರಿನಿಂದ ಬಂದದ್ದೆಂದು ಹೇಳುವಾಗ ಮಾತ್ರ ದನಿ ತಗ್ಗುತ್ತಿತ್ತು: ‘ತಪ್ಪನ್ನೆಲ್ಲ ಹೆಣ್ಣಿನ ತಲೆಗೆ ಕಟ್ಟೋದು ಅಲ್ಲೂ ಇದೆ ಸ್ವಾಮಿ.’ ಕಚೇರಿಯವರು ಅವರಿಗೆ ‘ಹುಚ್ಚುಪಂಡಿತ’ರೆಂದೇ ಹೆಸರಿಟ್ಟಿದ್ದರು.

ಅದು ಹವ್ಯಾಸವಲ್ಲವೆಂದು ನನಗೆ ತಿಳಿದದ್ದು, ನರೆಗೂದಲಿನ ಹೆಂಗಸೊಬ್ಬಳು ಅವರ ಮೇಜಿನ ಮುಂದೆ ಬಂದು ನಿಂತ ಮಧ್ಯಾಹ್ನ. ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷ, ಬಾಣಂತಿಜ್ವರದಲ್ಲಿ ಎರಡು ದಿನ ಏನೇನೋ ಬಡಬಡಿಸಿದ್ದ ಈಕೆಯ ಬಗ್ಗೆ ವೈದ್ಯರು ‘ಡಿಲಿರಿಯಸ್’ ಎಂದು ಬರೆದುಕೊಟ್ಟಿದ್ದರು. ಊಟದ ಹೊತ್ತಿನ ಆತುರದಲ್ಲಿ ಇವರು ಅದನ್ನು ‘ಹುಚ್ಚಿ’ ಎಂದು ನಮ್ಮ ಭಾಷೆಗಿಳಿಸಿ ಸಹಿ ಹಾಕಿದರು. ಮಗು ಯಾರ ಬಳಿ ಇರಬೇಕೆಂಬ ದಾವೆಯಲ್ಲಿ ಗಂಡನ ಮನೆಯವರು ಆ ಹಾಳೆಯನ್ನೇ ಹಿಡಿದು ವಾದಿಸಿದರು. ಮಗು ಅವರ ಪಾಲಾಯಿತು. ತಪ್ಪು ಇವರಿಗೆ ಆ ವರ್ಷವೇ ಗೊತ್ತಾಗಿತ್ತು. ಕೆಲಸ ಹೋದೀತೆಂದು ಬಾಯಿ ಬಿಡಲಿಲ್ಲ.

‘ಹಳೇ ಕಡತ ತೆಗೆಸಿ ನೋಡಿದೆ, ತರ್ಜುಮೆಗೆ ನಿಮ್ಮ ಸಹಿ ಇದೆ. ಇಂಗ್ಲಿಷ್ ಮೂಲದಲ್ಲಿ ಬೇರೇನೋ ಇದೆ ಅಂದ್ರು ವಕೀಲರು. ಏನಿತ್ತು ಅಣ್ಣಾ?’ ಎಂದಳು ಆಕೆ.

ಅವರು ನಿಘಂಟು ತೆರೆಯಲಿಲ್ಲ. ‘ಜ್ವರದ ಕನವರಿಕೆ ಅಂತ, ತಾಯಿ. ಆ ಪದದ ಹುಟ್ಟು... ಅಂದರೆ... ನೇಗಿಲು ಸಾಲು ತಪ್ಪೋದು.’

‘ತಪ್ಪಿದ್ರೆ ಎತ್ತು ತಿರುಗಿಸಿ ಮತ್ತೆ ಸಾಲಿಗೆ ತರ್ತಾರೆ. ಅಷ್ಟೇ ಅಲ್ವಾ?’

‘ಅಷ್ಟೇ.’

‘ಅಷ್ಟಕ್ಕೆ ನನ್ನ ಮಗೂನ ಕಿತ್ಕೊಂಡ್ರಾ?’

ಮರುದಿನ ಅವರು ತಪ್ಪೊಪ್ಪಿ ಬರೆದ ಅರ್ಜಿಯನ್ನು ಮೇಲಧಿಕಾರಿ ಓದಿ, ‘ಆ ಮಗುವಿಗೀಗ ಮೂವತ್ತು ವರ್ಷ ಕಣ್ರೀ, ಯಾರಿಗೆ ಕೊಡಿಸೋಣ?’ ಎಂದು ಹಿಂತಿರುಗಿಸಿದರು. ಅದನ್ನೇ ಹಿಡಿದು ಅವರು ಆಕೆಯ ಮಗನನ್ನು ಹುಡುಕಿಕೊಂಡು ಹೋದರು. ಆತ ಬಾಗಿಲಲ್ಲೇ ನಿಂತು ಓದಿದನಂತೆ. ‘ನಮ್ಮಮ್ಮ ಹುಚ್ಚಿ ಅಂತ ಕೇಳ್ಕೊಂಡೇ ಬೆಳೆದೆ. ಈಗ ಅಲ್ಲ ಅಂದ್ರೆ, ಇಷ್ಟು ವರ್ಷ ಒಂದ್ಸಲಾನೂ ನೋಡೋಕೆ ಹೋಗ್ಲಿಲ್ಲವಲ್ಲ, ಅದಕ್ಕೇನನ್ಲಿ?’ ಎಂದು ಬಾಗಿಲು ಹಾಕಿಕೊಂಡನಂತೆ. ಆ ಮೇಲೆ ನಿವೃತ್ತಿಯವರೆಗೂ ಅವರು ಯಾವ ಪದದ ಹುಟ್ಟನ್ನೂ ಹೇಳಲಿಲ್ಲ.

ಹೇಳಲೇಬೇಕಾದ ಒಂದು ಮಾತನ್ನು ಹೇಳಲಾರದೆ, ಸಾವಿರ ಮಾತುಗಳ ಮೂಲವನ್ನು ಶೋಧಿಸುತ್ತ ಸವೆದುಹೋಗುವ ಜನರಿದ್ದಾರೆ. ನಾವು ಅವರನ್ನು ವಿದ್ವಾಂಸರೆಂದು ಗೌರವಿಸುತ್ತೇವೆ, ಇಲ್ಲವೇ ವಿಚಿತ್ರ ಮನುಷ್ಯರೆಂದು ನಗುತ್ತೇವೆ. ಆ ವಿದ್ವತ್ತಿನ ಅಡಿಯಲ್ಲಿ ಯಾರ ಬದುಕು ಸಿಕ್ಕಿಕೊಂಡಿದೆಯೆಂದು ಮಾತ್ರ ಕೇಳುವುದಿಲ್ಲ.