ಗಂಟು ಬಿದ್ದ ಎಳೆ

“ಇದೇನಿದು, ಉಡದಾರದಾಗ ಮಿಂಚಾಕತ್ತೈತಿ?”

ಯಾರನ್ನೂ ನೋಡದೆ ಕೇಳಿದ ಸುಂಕಪ್ಪ, ನೀರಿನ ಚೊಂಬು ಹಿಡಿದು ಹಾಗೇ ನಿಂತ. ಅರಸೀಕೆರೆಯ ಆ ಅಂಗಳದಲ್ಲಿ ಅವನ ಅಣ್ಣ ಓಬಳೇಶಪ್ಪನ ಹೆಣಕ್ಕೆ ಸ್ನಾನ ನಡೆದಿತ್ತು. ಸೊಂಟದ ಕಪ್ಪು ಉಣ್ಣೆಯ ದಾರದಲ್ಲಿ ಕೂದಲಿಗಿಂತ ಸಣ್ಣ ಎಳೆಯೊಂದು ಬಿಸಿಲಿಗೆ ಹೊಳೆಯುತ್ತಿತ್ತು.

ನೆರೆಮನೆಯ ಗಾದೆಪ್ಪ ಬಗ್ಗಿದ. “ಬಂಗಾರ ಲೇ! ಬೊಂಬಾಯಿಯಾಗ ಹತ್ತು ವರ್ಷ ದುಡದು ತಂದಿದ್ದು ಇಷ್ಟೇ ಏನು?”

“ಹೆಣದ ಮುಂದ ನಗಸಬ್ಯಾಡ. ಕತ್ತರಿ ತಾ.”

ಉಡದಾರ ಕತ್ತರಿಸದೆ ಮಣ್ಣಿಗಿಡುವ ಪದ್ಧತಿ ಅವರಲ್ಲಿರಲಿಲ್ಲ. ಹೆಣದ ತಲೆಯ ಬಳಿ ಕೂತಿದ್ದ ಓಬಳೇಶಪ್ಪನ ಹೆಂಡತಿ ತಿಪ್ಪೇರುದ್ರಮ್ಮ ಕಣ್ಣೆತ್ತಿದಳು.

*

ಹನ್ನೊಂದು ವರ್ಷದ ಹಿಂದೆ, ತೊಂಬತ್ಮೂರರಲ್ಲಿ, ಓಬಳೇಶಪ್ಪ ಬೊಂಬಾಯಿಯ ಪ್ರಯೋಗಾಲಯವೊಂದರಲ್ಲಿ ತಂತಿ ಕಟ್ಟುತ್ತಿದ್ದ. ಕಣ್ಣಿಗೆ ಕಾಣದ ಕಣಗಳು ಹಾದುಹೋದ ಜಾಡು ಹಿಡಿಯುವ ಪೆಟ್ಟಿಗೆ. ಒಳಗೆ ಬಂಗಾರ ಲೇಪಿಸಿದ ಸಾವಿರ ತಂತಿ. “ಕಾಣದ್ದನ್ನ ಹ್ಯಾಂಗ ಹಿಡಿತೀರಿ?” ಎಂದು ಹೆಂಡತಿ ಕೇಳಿದರೆ, “ಬೀರಪ್ಪ ಕಾಣ್ತಾನೇನು? ಮೈಮ್ಯಾಲ ಬಂದಾಗ ತಿಳಿಯಂಗಿಲ್ಲೇನು?” ಎನ್ನುತ್ತಿದ್ದ.

ಒಂದು ದಿನ ತಂತಿಯೊಂದು ಕಡಿಯಿತು. ಕಂಬಳಿ ನೇಯ್ದು ಬೆಳೆದ ಬೆರಳು, ಮಗ್ಗದ ಎಳೆಗೆ ಹಾಕುವಂತೆ, ಯೋಚಿಸುವ ಮೊದಲೇ ಗಂಟು ಹಾಕಿಬಿಟ್ಟಿತು. ಪರೀಕ್ಷೆಗೆಂದು ವಿದ್ಯುತ್ ಹಾಯಿಸಿದಾಗ ಪೆಟ್ಟಿಗೆ ಕಿಡಿ ಕಾರಿತು. ಸುತ್ತಲಿನ ತಂತಿಗಳೂ ಸುಟ್ಟವು. ಯಾರಿಗೂ ಕಾರಣ ಹೊಳೆಯಲಿಲ್ಲ. ತನ್ನ ಗಂಟಿನ ಚೂಪು ತುದಿಯೇ ಕಿಡಿ ಹಾರಿಸಿದ್ದೆಂದು ತಾನೇ ಹೋಗಿ ತಪ್ಪೊಪ್ಪಿಕೊಂಡ. ತಾನೇ ಬಿಚ್ಚಿ ಮತ್ತೆ ಕಟ್ಟಲು ಕೂತ.

ಮೂರನೆಯ ದಿನ ಟೆಲಿಗ್ರಾಂ ಬಂತು, ಮಗಳಿಗೆ ಜ್ವರ ಎಂದು. ಪೆಟ್ಟಿಗೆ ಪರದೇಶಕ್ಕೆ ಹಡಗು ಹತ್ತುವ ದಿನ ಹತ್ತಿರವಿತ್ತು. ಮುಗಿಸಿಯೇ ಹೊರಟ. ಅವನು ಊರು ಮುಟ್ಟಿದಾಗ ನಾಲ್ಕು ವರ್ಷದ ಹೊನ್ನೂರಮ್ಮ ಮಣ್ಣಾಗಿ ಎರಡು ದಿನವಾಗಿತ್ತು.

ಜೇಬಿನಿಂದ ಆ ಗಂಟಿದ್ದ ತಂತಿಯ ತುಂಡು ತೆಗೆದು ಹೆಂಡತಿಯ ಅಂಗೈಗಿಟ್ಟ. “ಇದರಿಂದ ತಡಾತು.”

ಅವನು ಮತ್ತೆ ಬೊಂಬಾಯಿಗೆ ಹೋಗಲಿಲ್ಲ. ಅವಳು ಮಳೆಗಾಲ ಕಳೆಯುವ ತನಕ ಅವನೊಡನೆ ಮಾತಾಡಲಿಲ್ಲ. ಆಮೇಲೊಂದು ಸಂಜೆ ಗಂಡನಿಗೆ ಹೊಸ ಉಡದಾರ ಹೊಸೆಯುತ್ತ, ಆ ತುಂಡನ್ನೂ ಉಣ್ಣೆಯೊಳಗೆ ಸೇರಿಸಿದಳು. ದಾರ ಸವೆದಾಗಲೆಲ್ಲ ಬಿಡಿಸಿ ಹೊಸದಕ್ಕೆ ಹಾಕಿದಳು. ಇಬ್ಬರೂ ಅದರ ಮಾತೆತ್ತಲಿಲ್ಲ.

*

ಕತ್ತರಿ ಬಂತು. ಅಷ್ಟರಲ್ಲಿ ತಿಪ್ಪೇರುದ್ರಮ್ಮ ಸರಿದು ಬಂದು ದಾರದ ಮೇಲೆ ಅಂಗೈ ಊರಿದ್ದಳು.

“ಅತ್ತಿಗಿ, ಕೈ ತಗೀರಿ. ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕು,” ಎಂದ ಸುಂಕಪ್ಪ.

“ದಾರ ಇಟ್ಕಂಡು ಹೋದ್ರ ಈ ಮನಿ ಋಣ ಹರಿಯಂಗಿಲ್ಲವ್ವ,” ಓಣಿಯ ಹಿರಿಯಳು ಹಂಪಕ್ಕ ಮೆಲ್ಲಗೆ ತಿಳಿಹೇಳಿದಳು. “ಜೀವ ಇಲ್ಲೇ ತಿರಗತೈತಿ. ನೀನಾದ್ರೂ ಬಿಟ್ಟು ಕೊಡು.”

ತಿಪ್ಪೇರುದ್ರಮ್ಮನ ಬೆರಳು ಒದ್ದೆ ಉಣ್ಣೆಯೊಳಗೆ ತಡವಿ ತಡವಿ ಆ ಗಂಟಿನ ಮೇಲೆ ನಿಂತಿತು.

“ಯಾಕಪ್ಪ ತಡಾತು ಅಂತ ಅಲ್ಲಿ ಮಗಳು ಕೇಳಿದ್ರ, ತೋರಸಾಕ ಕೈಯಾಗೇನೈತಿ ಇವ್ರಿಗೆ?”

ಸುಂಕಪ್ಪ ಕತ್ತರಿ ಹಿಡಿದೇ ಬಗ್ಗಿದ್ದ. ಅವಳು ಎರಡನೆಯ ಅಂಗೈಯನ್ನೂ ಮೇಲಿಟ್ಟಳು.

“ಕತ್ತರಸಾಕ ಬಿಡಂಗಿಲ್ಲ.”