ತೊಟ್ಟಿಲು ಕಳಚಿದ ಗಾಡಿ

"ಎಲ್ಲಾ ಬಿಚ್ಚು," ಎಂದ ಹುಲಗಪ್ಪ.

ಖಾದರಬಾಷಾ ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟು, ಗ್ಯಾರೇಜಿನ ಮುಂದೆ ನಿಂತ ಗಾಡಿಯನ್ನೊಮ್ಮೆ, ಅದರ ಮಾಲಕನನ್ನೊಮ್ಮೆ ನೋಡಿದ. ಲಡಾಯಿ ಕಾಲದ ಬಿ.ಎಸ್.ಎ. ಮೋಟರ್‌ಸೈಕಲ್ಲು ಅದು. ಮಿಲಿಟರಿಯವರು ಹರಾಜು ಹಾಕಿದಾಗ ಹುಲಗಪ್ಪ ಬೆಳಗಾವಿಯಿಂದ ಲಾರಿಯಲ್ಲಿ ಹೇರಿಸಿ ತಂದದ್ದು. ತಂದ ಮೇಲೆ ಅದಕ್ಕೆ ಸೇರಿಸಿದ್ದೆಲ್ಲ ಖಾದರಬಾಷಾನ ಕೈಕೆಲಸವೇ. ಗಾಳಿ ತಡೆಯಲು ಮುಂದೊಂದು ಗಾಜು, ಹಿಂದೆ ಎರಡೂ ಬದಿಗೆ ತಗಡಿನ ಪೆಟ್ಟಿಗೆ, ಕಾಲಿನ ಮುಂದೆ ಕಬ್ಬಿಣದ ಕಟಾಂಜನ, ಹೆಚ್ಚಿನ ಪೆಟ್ರೋಲಿಗೆ ಒಂದು ಡಬ್ಬಿ. ಇವೆಲ್ಲಕ್ಕಿಂತ ದೊಡ್ಡದು, ಎಡಗಡೆಗೆ ತನ್ನದೊಂದು ಗಾಲಿಯ ಮೇಲೆ ಕೂತ ಸೈಡ್‌ಕಾರು. ಗೋಪನಕೊಪ್ಪದ ಓಣಿಯವರು ಅದನ್ನು ತೊಟ್ಟಿಲು ಅನ್ನುತ್ತಿದ್ದರು.

ಈಗ ಆ ತೊಟ್ಟಿಲಲ್ಲಿ ಒಂದು ಉಸುಕಿನ ಚೀಲ ಕೂತಿತ್ತು.

"ಎಲ್ಲಾ ಅಂದ್ರ?" ಎಂದ ಖಾದರಬಾಷಾ.

"ಎಲ್ಲಾ ಅಂದ್ರ ಎಲ್ಲಾ. ಗಾಜು, ಪೆಟಿಗಿ, ಆ ತೊಟ್ಟಿಲಾ. ಇಂಜಿನ್ನು, ಎರಡ ಗಾಲಿ, ಒಂದ ಸೀಟು ಉಳದ್ರ ಸಾಕು. ಡ್ಯೂಟಿಗೆ ಹೋಗಿ ಬರಾಕ ಇಷ್ಟೆಲ್ಲಾ ಹೊತಗೊಂಡ ಯಾಕ ತಿರಗಬೇಕು?"

"ತೊಟ್ಟಿಲಾ ಏನ ಮಾಡ್ಲಿ?"

"ಏನರ ಮಾಡು. ನನ್ನ ಕಣ್ಣಮುಂದ ಬ್ಯಾಡ."

ಸೈಡ್‌ಕಾರಿನ ಗಾಡಿಗೆ ಒಂದು ಚಾಳಿಯಿದೆ. ಒಳಗೆ ಭಾರ ಇರದಿದ್ದರೆ, ಎಡಕ್ಕೆ ತಿರುಗುವಾಗ ಅದರ ಗಾಲಿ ನೆಲ ಬಿಟ್ಟು ಮೇಲೇಳುತ್ತದೆ. ಹೆಂಡತಿ ಕಸ್ತೂರೆವ್ವ ಬದುಕಿರುವತನಕ ಹುಲಗಪ್ಪನಿಗೆ ಆ ಚಾಳಿಯ ಕಾಟ ಇರಲಿಲ್ಲ. ಅವನು ರೇಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರು, ಅವಳು ಅಲ್ಲೇ ಹತ್ತಿರದ ದವಾಖಾನೆಯಲ್ಲಿ ನರ್ಸು. ಹೋಗುವಾಗ ಜೋಡಿ, ಬರುವಾಗ ಜೋಡಿ, ಅವಳು ತೊಟ್ಟಿಲಲ್ಲಿ. ಶ್ರಾವಣದಲ್ಲಿ ಅವಳಿಗೆ ಕಾಮಣಿಯಾಯಿತು. ಕಣ್ಣು ಹಳದಿಯಾದವು, ಮೈ ಹಳದಿಯಾಯಿತು, ಆಮೇಲೆ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಮೊದಲ ಸಲ ಡ್ಯೂಟಿಗೆ ಹೊರಟ ಹುಲಗಪ್ಪ ಎಡ ತಿರುವಿನಲ್ಲಿ ಇನ್ನೇನು ಮಗುಚಿ ಬೀಳುವುದರಲ್ಲಿದ್ದ. ಸಂಜೆಗೆ ಒಂದು ಚೀಲದಲ್ಲಿ ಉಸುಕು ತುಂಬಿ, ಬಾಯಿ ಹೊಲಿದು, ಅವಳ ಜಾಗದಲ್ಲಿ ಕೂಡಿಸಿದ. ಮಳೆಗೆ ನೆನೆದು ಇನ್ನೂ ಭಾರವಾಗಬಾರದೆಂದು ಮೇಲೊಂದು ಕಂಬಳಿ ಹೊದಿಸಿದ.

ನಿನ್ನೆ ಪರಿಚಯದವರೊಬ್ಬರು ದೂರದಿಂದ ನೋಡಿ, "ನರ್ಸಬಾಯಾರ, ಆರಾಮೇನ್ರಿ?" ಎಂದು ಕೈ ಎತ್ತಿದ್ದರು. ಅವರಿಗೆ ಸುದ್ದಿ ಗೊತ್ತಿರಲಿಲ್ಲ. ಹುಲಗಪ್ಪ, "ಆರಾಮ್ರಿ," ಎಂದು ಹೇಳಿ ಮುಂದೆ ಹೋಗಿದ್ದ. ಹೋದ ಮೇಲೂ ಎದೆಯೊಳಗೆ ಏನೂ ಆಗಲಿಲ್ಲ. ಏನೂ ಆಗದ್ದು ಅವನಿಗೇ ಸೋಜಿಗ ಎನಿಸಿತು. ಇವತ್ತು ಬೆಳಿಗ್ಗೆ ಎದ್ದವನೇ ಗಾಡಿ ತಂದು ಖಾದರಬಾಷಾನ ಮುಂದೆ ನಿಲ್ಲಿಸಿದ್ದ.

"ಹುಲಗಣ್ಣಾ, ಒಂದ ಮಾತು. ಮುದುಕಿ ಎಲ್ಲಿ ಕೂಡತಾಳ?"

ಮುದುಕಿ ಅಂದರೆ ಮುದಕವ್ವ, ಕಸ್ತೂರೆವ್ವನ ತಾಯಿ. ಗಂಡ ಸತ್ತ ಮೇಲೆ ಮಗಳ ಮನೆಗೆ ಬಂದವಳು ಅಲ್ಲೇ ಉಳಿದಿದ್ದಳು. ಅವರ ಮಂದಿಯಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಲ್ಲುವುದಿಲ್ಲ, ನೇರ ಮಾತಾಡುವುದಿಲ್ಲ, ತನ್ನ ಸೆರಗನ್ನೂ ಅವನಿಗೆ ತಗಲಗೊಡುವುದಿಲ್ಲ. ಇಷ್ಟು ವರ್ಷ ಅವರಿಬ್ಬರ ಮಾತೆಲ್ಲ ಕಸ್ತೂರೆವ್ವನ ಬಾಯಿಂದಲೇ ಹಾದುಹೋಗಿತ್ತು. ಗಾಡಿಗೆ ಸೈಡ್‌ಕಾರು ಬಂದದ್ದೂ ಈ ಮುದುಕಿಗಾಗಿಯೇ. ರಜೆ ಸಿಕ್ಕಾಗ ಮೂವರೂ ಕೊಲ್ಹಾಪುರಕ್ಕೆ ಹೋದರು, ಪಂಢರಪುರಕ್ಕೆ ಹೋದರು, ಗೋವಾ ನಮ್ಮದಾದ ಮರುವರ್ಷ ಪಣಜಿಗೆ ಹೋಗಿ ಸಮುದ್ರ ನೋಡಿದರು. ಅಂಥ ಪ್ರವಾಸದಲ್ಲಿ ಗಂಡನ ಬೆನ್ನಿಗೆ ಕಸ್ತೂರೆವ್ವ, ತೊಟ್ಟಿಲಲ್ಲಿ ಮುದಕವ್ವ. ಅಳಿಯನ ಹಿಂದಿನ ಸೀಟಿನಲ್ಲಿ ಅತ್ತೆ ಕೂಡುವುದು ಕನಸಿನಲ್ಲೂ ಆಗದ ಮಾತು.

"ಬಸ್ಸ ಅದಾವಲ್ಲ," ಎಂದ ಹುಲಗಪ್ಪ.

"ಆಕೀಗೆ ಇರ್ರಿ ಅಂತ ಹೇಳೀಯೇನ?"

"ಹೋಗ್ರಿ ಅಂದೇನೇನು?"

"ಅಂದಿಲ್ಲ ಖರೆ. ಆದ್ರ ಕೂಡೂ ಜಾಗಾ ಕೀಳಾಕ ಬಂದೀದಿ."

"ಲೇ ಖಾದರ, ನಿನ್ನ ಕೆಲಸ ಬಿಚ್ಚೂದು. ಪಂಚಾಯ್ತಿ ಮಾಡೂದಲ್ಲ."

ದಿನಕರ್ಮದ ದಿವಸ ಮುದಕವ್ವನ ತಮ್ಮ ಯಂಕಣ್ಣ ಗಬ್ಬೂರಿನಿಂದ ಬಂದು ಅಕ್ಕನನ್ನು ಕರೆದಿದ್ದ. "ಮಗಳ ಹೋದಮ್ಯಾಲೆ ಅಳಿಯನ ಮನ್ಯಾಗ ನಿಂದೇನೈತಿ? ನಡಿ, ನಮ್ಮನ್ಯಾಗಿರು." ಮುದಕವ್ವ, "ಇನ್ನೊಂದೀಟ ದಿನಾ ಇರತೇನಪಾ," ಎಂದು ಪಡಸಾಲೆಯ ಕಡೆ ಮುಖ ಮಾಡಿ ಕಾದಳು. ಪಡಸಾಲೆಯಲ್ಲಿ ಹುಲಗಪ್ಪ ಕೂತಿದ್ದ. ಅವನಿಗೆ ಕೇಳಿಸಿತ್ತು. ಯಾರ ಮೂಲಕವಾದರೂ 'ಇರ್ರಿ' ಎಂಬ ಒಂದು ಶಬ್ದ ಕಳಿಸಿದ್ದರೆ ಮುಗಿಯುತ್ತಿತ್ತು. ಅವನು ನೆಲ ನೋಡುತ್ತ ಕೂತ. ಬೇಡ ಅಂತಲ್ಲ, ಬೇಕು ಅನ್ನುವುದು ಅವನೊಳಗೆ ಎಲ್ಲಿಯೂ ಕೈಗೆ ಸಿಗಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಮುದಕವ್ವ ಕಂಬಕ್ಕೆ ಮಾತಾಡುತ್ತಿದ್ದಳು. "ರೊಟ್ಟಿ ಆರಾಕತ್ತಾವ," ಎಂದು ಕಂಬಕ್ಕೆ ಹೇಳಿ ಒಳಗೆ ಹೋಗುವಳು. ಅವನು ಬಂದು ಉಣ್ಣುವನು. ಇನ್ನೂ ಆ ಒಂದು ಶಬ್ದಕ್ಕೆ ಅವಳು ಕಾಯುತ್ತಿದ್ದಳೆಂಬುದು ಓಣಿಗೆಲ್ಲ ಗೊತ್ತಿತ್ತು.

ಖಾದರಬಾಷಾ ಮಾತು ನಿಲ್ಲಿಸಿ ಕೆಲಸಕ್ಕೆ ಹತ್ತಿದ. ಗಾಜು ಕಳಚಿ ಬಂತು, ಪೆಟ್ಟಿಗೆಗಳು ಬಂದವು. ತೊಟ್ಟಿಲಿನ ಬೋಲ್ಟುಗಳು ಮಾತ್ರ ತುಕ್ಕು ಹಿಡಿದು ಕೂತಿದ್ದವು. ಅವಕ್ಕೆ ಚಿಮಣಿ ಎಣ್ಣೆ ಹಾಕಿ ನೆನೆಯಲು ಬಿಟ್ಟ. ಅಷ್ಟರಲ್ಲಿ ಅವನ ಹೆಂಡತಿ ಮೀರಾಬಿ ಚಹಾ ತಂದಳು. ಚೀಲ ಇಳಿಸಿ ಖಾಲಿ ಮಾಡಿದ್ದ ತೊಟ್ಟಿಲನ್ನು ಬಗ್ಗಿ ನೋಡಿ, "ಅಣ್ಣಾರ, ಇದನ್ನ ಮಾರಬ್ಯಾಡ್ರಿ, ನನಗ ಕೋಳಿ ಹಾಕಾಕ ಬರೋಬ್ಬರಿ ಆಕ್ಕೈತಿ," ಎಂದಳು.

"ತಗೋರಿ," ಎಂದ ಹುಲಗಪ್ಪ.

ಚ್ಯಾಷ್ಟಿಗೆ, ನಗಿಸಲೆಂದು ಅಂದವಳು ಮುಖ ಸಣ್ಣದು ಮಾಡಿಕೊಂಡು ಗಂಡನನ್ನು ನೋಡಿದಳು. ಹುಲಗಪ್ಪ ಕುದಿಯುವ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ನಾಲಿಗೆ ಸುಟ್ಟಿದೆ ಎಂದು ಅವನಿಗೆ ತಿಳಿದದ್ದು ಸಂಜೆಗೆ.

ಕಡೆಯ ಬೋಲ್ಟು ಬಿಟ್ಟಾಗ ಮೋಟರ್‌ಸೈಕಲ್ಲು ಒಂದು ಗೇಣು ಮೇಲೆದ್ದ ಹಾಗೆ ಕಂಡಿತು. ಖಾದರಬಾಷಾ ಸ್ಪ್ರಿಂಗು ಬದಲಿಸಿದ. ತೊಟ್ಟಿಲು ಎಳೆಯಲೆಂದು ಮುಂದೆ ಹಾಕಿದ್ದ ಸಣ್ಣ ಹಲ್ಲುಚಕ್ರ ತೆಗೆದು ದೊಡ್ಡದು ಕೂಡಿಸಿದ. ಉದ್ದನೆಯ ಕ್ಯಾರಿಯರು ಕೂಡ ಹೋಯಿತು. ಉಳಿದದ್ದು ಬೋಳು ಗಾಡಿ, ಬಡಕಲು ಹೋರಿಯ ಹಾಗೆ.

"ಸಿಟ್ಟಾಗಬ್ಯಾಡ, ಇನ್ನೊಂದ ಕೇಳತೇನಿ," ಎಂದ ಖಾದರಬಾಷಾ. "ನೀ ಎರಡ ಗಾಲೀ ಮ್ಯಾಲೆ ಯಾವಾಗರ ಹೊಡದೀಯೇನು?"

"ಮಿಲಿಟ್ರಿಯೊಳಗ ಲಾರಿ ಹೊಡದಾಂವ ಲೇ ನಾ!"

"ಲಾರಿಗೆ ಆರ ಗಾಲಿ ಇರತಾವೋ ಮಾರಾಯಾ. ಕೇಳಿಲ್ಲಿ. ತೊಟ್ಟಿಲಾ ಇದ್ದಾಗ ಹ್ಯಾಂಡಲ್ ಎಳದ ತಿರಗಸತಿದ್ದಿ. ಇದು ಹಂಗ ತಿರಗೂದಿಲ್ಲ. ಮೈ ಬಾಗಸಬೇಕು."

"ನನಗೇನ ಕಲಸತಿ? ಈ ಕೈಲೆ ಪಣಜೀತನಕ ಹೊಡದೇನಿ."

ಖರೆ ಹೇಳಬೇಕೆಂದರೆ ಅವನು ಎರಡು ಗಾಲಿಯ ಗಾಡಿ ಒಮ್ಮೆಯೂ ಹೊಡೆದಿರಲಿಲ್ಲ. ಸೈಕಲ್ಲು ಕೂಡ ಕಲಿತವನಲ್ಲ. ಲಾರಿ ಬಿಟ್ಟವನು ನೇರ ಸೈಡ್‌ಕಾರಿನ ಗಾಡಿಗೇ ಬಂದಿದ್ದ. ಇಷ್ಟು ಊರು ತಿರುಗಿದವನಿಗೆ ಇದು ಬರುವುದಿಲ್ಲವೆಂದರೆ ಯಾರೂ ನಂಬುತ್ತಿರಲಿಲ್ಲ. ಅವನೂ ನಂಬಿರಲಿಲ್ಲ.

ಅಂದು ಮನೆ ಮುಟ್ಟಿದ್ದು ಹೇಗೋ ಏನೋ. ನೇರ ರಸ್ತೆಯಲ್ಲಿ ಗಾಡಿ ಓಡಿತು. ತಿರುವು ಬಂದಲ್ಲೆಲ್ಲ ಎರಡೂ ಕಾಲು ನೆಲಕ್ಕೆ ಊರಿ ನೂಕಿಕೊಂಡು ತಿರುಗಿಸಿದ. ನಾಕು ಮಂದಿ ನಕ್ಕರು. ನಗಲಿ ಎಂದುಕೊಂಡ.

ಗಾಡಿಯ ಸದ್ದಿಗೆ ಮುದಕವ್ವ ಬಾಗಿಲಿಗೆ ಬಂದಳು. ಹಣೆಯ ಮೇಲಿನ ಸೆರಗು ಇನ್ನಷ್ಟು ಎಳೆದುಕೊಂಡು, ತೊಟ್ಟಿಲು ಇರುತ್ತಿದ್ದ ಎಡಮಗ್ಗುಲು ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕಂಬದ ಕಡೆ ತಿರುಗಿ, "ಗಾಡಿ ಹಗುರಾತು. ಛಲೋ ಆತು," ಎಂದು ಒಳಗೆ ಹೋದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಹುಲಗಪ್ಪ ಕೈಕಾಲು ತೊಳೆದು ಉಂಡು ಮಲಗಿದ.

ಬೆಳಿಗ್ಗೆ ಎದ್ದಾಗ ಬಾಗಿಲಲ್ಲಿ ಒಂದು ಗಂಟು ಇತ್ತು. ಮುದಕವ್ವ ಪಕ್ಕದ ಮನೆಯ ರೆಹಮತ್‌ಬಿಯನ್ನು ಕರೆದು, ಒಳಗಿದ್ದವನಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದಳು. "ತಂಗೀ, ನಾ ಗಬ್ಬೂರಿಗೆ ಹೊಂಟೆ. ರೊಟ್ಟಿ ಬುಟ್ಯಾಗದಾವ. ಸಾರು ಒಲಿ ಮ್ಯಾಲೈತಿ. ಹೇಳಿಬಿಡು."

"ಯವ್ವಾ, ಹಿಂಗ ಒಮ್ಮಿಂದೊಮ್ಮೆಲೆ?"

"ಬಾಯಿಲೆ ಹೋಗು ಅನ್ನಬೇಕೇನ? ನನ್ನ ಕುರ್ಚೀನ ಕಿತ್ತಿಟ್ಟ ಬಂದಾರ. ಅಷ್ಟ ತಿಳಿಲಾರದಾಕಿ ಏನ ನಾ?"

ಹುಲಗಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ಅಲ್ಲೇ ನಿಂತ. ತೊಟ್ಟಿಲು ಬಿಚ್ಚಿಸುವಾಗ ಅವನ ತಲೆಯಲ್ಲಿ ಇದ್ದದ್ದು ಆ ಚೀಲವೊಂದೇ. ಖಾದರ ಬಿಡಿಸಿ ಹೇಳಿದ್ದ. ಆಗಲೂ ತಲೆಗೆ ಹೋಗಿರಲಿಲ್ಲ. ಈಗ ಹೋಯಿತು. ಬಾಗಿಲಿಗೆ ಬಂದು ರೆಹಮತ್‌ಬಿಗೆ ಹೇಳಿದ್ದು ಇಷ್ಟೇ: "ಗಂಟು ಭಾರ ಇದ್ದೀತು. ಗಾಡೀ ಮ್ಯಾಲೆ ಇಡ್ರಿ ಅನ್ರಿ. ಬಸ್ಸಿನತನಕ ತರತೇನಿ."

"ನಮ್ಮ ಗಂಟ ನಾವ ಹೊರತೇವಿ ಅನ್ನು," ಎಂದು ಮುದಕವ್ವ ಗಂಟು ತಲೆಗಿಟ್ಟುಕೊಂಡು ನಡೆದೇಬಿಟ್ಟಳು.

ರೆಹಮತ್‌ಬಿ ಸೊಂಟಕ್ಕೆ ಕೈಯಿಟ್ಟಳು. "ಅಣ್ಣಾ, ನಾ ಎಷ್ಟಂತ ನಡಬರಕ ನಿಂದರ್ಲಿ? ನಿನ್ನ ಬಾಯಾಗೇನ ಕಡಬ ತುರಕ್ಯಾರೇನು?"

ಹುಲಗಪ್ಪ ಗಾಡಿಗೆ ಕಿಕ್ ಹೊಡೆದ. ಮುದುಕಿ ಮುಂದೆ, ಅವನು ಹಿಂದೆ. ಅವಳ ನಡಿಗೆಯ ಹದಕ್ಕೆ ಗಾಡಿ ಓಡಿಸುವುದೆಂದರೆ ಬಲ್ಲವನಿಗೂ ಕಷ್ಟ. ಮೊದಲ ಗೇರಿನಲ್ಲಿ ಇಂಜಿನ್ನು ಕಾದು ಕಮಟು ವಾಸನೆ ಬರತೊಡಗಿತು. ಅವಳು ಒಮ್ಮೆಯೂ ಹೊರಳಿ ನೋಡಲಿಲ್ಲ. ಓಣಿ ಮುಗಿದು ದೊಡ್ಡ ರಸ್ತೆ ಸೇರುವಲ್ಲಿ, ಬಸ್ಸು ನಿಲ್ಲುವ ಬೇವಿನ ಗಿಡದ ಹತ್ತಿರ, ಎಡಕ್ಕೆ ತಿರುಗಬೇಕಿತ್ತು. ಇಷ್ಟು ವರ್ಷದ ರೂಢಿ. ಅವನ ಕೈ ಹ್ಯಾಂಡಲನ್ನು ಎಡಕ್ಕೆ ಎಳೆಯಿತು, ಮೈ ಕಂಬದ ಹಾಗೆ ನೆಟ್ಟಗೆ ಉಳಿಯಿತು. ಗಾಡಿ ಬಲಕ್ಕೆ ಮಗುಚಿತು.

ಬಿದ್ದ ಸದ್ದಿಗೆ ಮುದಕವ್ವ ನಿಂತಳು. ಹುಲಗಪ್ಪ ಗಾಡಿಯ ಅಡಿಯಲ್ಲಿ ಒಂದು ಕಾಲು ಸಿಕ್ಕಿಸಿಕೊಂಡು ಆಕಾಶ ನೋಡುತ್ತ ಬಿದ್ದಿದ್ದ. ಮುಖದಲ್ಲಿ ನೋವಿರಲಿಲ್ಲ. ಮುದುಕಿ ಅತ್ತ ಇತ್ತ ನೋಡಿ, "ಯಾರರ ಬರ್ರ್ಯೋ, ನಮ್ಮ ಅಳಿಯಾ ಬಿದ್ದಾರ!" ಎಂದು ಕೂಗಿದಳು. ಯಾರೂ ಇರಲಿಲ್ಲ. ಆಗ ಅವಳ ಮೂಗಿಗೆ ವಾಸನೆ ಬಡಿಯಿತು. ಕಾದ ಸೈಲೆನ್ಸರಿಗೆ ಅವನ ಮೀನಗಂಡ ಅಂಟಿ, ಪಾಯಿಜಾಮ ಹೊಗೆಯಾಡುತ್ತಿತ್ತು. ಅವನಿಗೆ ಅದು ಗೊತ್ತೇ ಇರಲಿಲ್ಲ.

"ಕಾಲ ತಗೀ! ಸುಡಾಕತ್ತೈತಿ, ಕಾಲ ತಗಿಯೋ!"

ಗಂಟು ಎಲ್ಲಿ ಬಿತ್ತೋ ಅವಳು ನೋಡಲಿಲ್ಲ. ಓಡಿ ಬಂದು ಒಂದು ಕೈಯಿಂದ ಸೀಟು ಹಿಡಿದೆತ್ತಿ, ಇನ್ನೊಂದು ಕೈಯಿಂದ ಅವನ ಕಾಲಿನ ಹರಡು ಹಿಡಿದು ಹೊರಗೆ ಜಗ್ಗಿದಳು. ಸೆರಗು ಜಾರಿ ಹೆಗಲಿಗೆ ಬಂದಿತ್ತು. ಅವಳ ತಲೆಗೂದಲು ಪೂರಾ ಬೆಳ್ಳಗಾದದ್ದನ್ನು ಹುಲಗಪ್ಪ ನೋಡಿದ್ದು ಅದೇ ಮೊದಲು.

"ಉರಿತೈತೇನು?"

"ಗೊತ್ತಾಗವಲ್ದು."

"ಗೊತ್ತಾಕ್ಕೈತಿ. ನನಗೂ ನಿನ್ನಿ ಆ ಖಾಲಿ ಮಗ್ಗಲಾ ನೋಡಿದಾಗ ಗೊತ್ತಾತು," ಎಂದು ಮುದುಕಿ ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದಳು. ಸೆರಗು ಎಳೆದುಕೊಳ್ಳಲು ಹೋಗಿ, ಬಿಟ್ಟಳು.

ಬಸ್ಸು ಬಂತು. ಕಂಡಕ್ಟರು ಬಾಗಿಲಲ್ಲಿ ಜೋತು, "ಸ್ಟ್ಯಾಂಡಿಗೆ ಬರಾವ್ರು ಲಗೂ ಹತ್ರಿ! ಏನಪಾ ಹೀರೋ, ಬದುಕೀದ್ಯೋ?" ಎಂದ.

ಮುದಕವ್ವ ಎದ್ದು ಗಂಟಿನ ಕಡೆ ನೋಡಿದಳು.

"ಅವರು ಬರೂದಿಲ್ಲ," ಎಂದ ಹುಲಗಪ್ಪ ಕಂಡಕ್ಟರನಿಗೆ. "ನೀವು ಹೋಗ್ರಿ."

"ಅವಗ್ಯಾಕ ಹೇಳತಿ?" ಮುದುಕಿಯ ದನಿ ಏರಿತು. "ಇಲ್ಲೇ ನಿಂತೇನಲ್ಲ. ನನಗ ಹೇಳು."

ಕಂಡಕ್ಟರು ಗಂಟೆ ಹೊಡೆಯದೆ ಇಬ್ಬರನ್ನೂ ನೋಡಿದ. ಹುಲಗಪ್ಪ ಮುದುಕಿಯ ಕಡೆ ಹೊರಳಿದ. ಹೇಳಬೇಕಾದದ್ದು ದೊಡ್ಡದೇನಲ್ಲ, ಮಂದಿ ದಿನಾ ಆಡುವ ಮಾತು.

"ಇರ್ರಿ, ಅತ್ತೀ," ಎಂದ. "ಮನ್ಯಾಗ ಇರ್ರಿ."

ಬಸ್ಸು ಹೋಯಿತು. ಮುದಕವ್ವ ಗಂಟಿನ ಮಣ್ಣು ಝಾಡಿಸಿ ಗಿಡದ ಬುಡಕ್ಕೆ ಇಟ್ಟು ಬಂದು, ಬಿದ್ದ ಗಾಡಿಯ ಹ್ಯಾಂಡಲಿಗೆ ಕೈ ಹಾಕಿದಳು.

"ಆ ಕಡೆ ಹಿಡಿ. ನನಗೊಬ್ಬಾಕಿಗೆ ಏಳೂದಿಲ್ಲ ಇದು."

ಹುಲಗಪ್ಪ ಕುಂಟುತ್ತ ಎದ್ದು ಸೀಟಿಗೆ ಕೈ ಕೊಟ್ಟ. ಇಷ್ಟೆಲ್ಲ ಬಿಚ್ಚಿದ ಮೇಲೂ ಅದು ಸಾಕಷ್ಟು ಭಾರವಿತ್ತು. ಮೊದಲ ಸಲ ಜಗ್ಗಿದಾಗ ಏಳಲಿಲ್ಲ, ಮತ್ತೆ ಜಗ್ಗಿದರು.