ಬೆಳ್ಳಿ ಕಾಲಿನ ಮಂಡಿ

ಕುದುರೆಯ ಕೊರಳಿನ ಗೆಜ್ಜೆ ಒಂದು ಹೆಜ್ಜೆಗೆ ಝಲ್ ಎಂದು ಇನ್ನೊಂದಕ್ಕೆ ಸುಮ್ಮನಾಗುತ್ತದೆ, ಅದಕ್ಕೂ ಒಂದು ಕಾಲು ನೋವೋ ಏನೋ, ಪಾಪ, ಬಾ ನೀನೂ ನನ್ನ ಜೊತೆ ಇಂಗ್ಲೆಂಡಿಗೆ, ಇಬ್ಬರೂ ತೋರಿಸಿಕೊಂಡು ಬರೋಣ — ಜಟಕಾದೊಳಗೆ ಹಾಸಿದ ಹುಲ್ಲು ಘಮ್ಮೆನ್ನುತ್ತದೆ, ಚುಚ್ಚುವುದೂ ಚೆನ್ನಾಗಿಯೇ ಚುಚ್ಚುತ್ತದೆ, ಹಲಗೆ ಕಟ್ಟಿ ಬಟ್ಟೆ ಸುತ್ತಿದ ನನ್ನ ಬಲಗಾಲು ಮಾತ್ರ ಒಳಗೆ ಹಿಡಿಸದೆ ಹಿಂದಿನಿಂದ ಆಚೆಗೆ ಚಾಚಿಕೊಂಡಿದೆ, ದಾರಿಯಲ್ಲಿ ಹೋಗುವವರೆಲ್ಲ ಮೊದಲು ಪಾದ ನೋಡಿ ಆಮೇಲೆ ಮುಖ ಹುಡುಕುತ್ತಾರೆ, ನೋಡಲಿ, ಕೇತಮಾರನಹಳ್ಳಿಯಿಂದ ಹಡಗು ಹತ್ತುವ ಮೊದಲನೆಯ ಕಾಲು ಇದೇ, ಪುಕ್ಕಟೆ ದರ್ಶನ. ಹಿಂದೆ ಭಾರ ಆಯ್ತಮ್ಮಾ, ಸ್ವಲ್ಪ ಮುಂದೆ ಬನ್ನಿ, ಜಟಕಾ ಸಾಬರು ಕೂಗುತ್ತಾರೆ, ಭಾರ ನಾನಲ್ಲ ಸಾಬರೇ, ನಮ್ಮತ್ತೆ ಕಟ್ಟಿದ ರಾಗಿಹಿಟ್ಟಿನ ಗಂಟು, ಅಲ್ಲಿ ಮುದ್ದೆ ಸಿಗ್ತದೋ ಇಲ್ವೋ, ನಿನ್ನ ಕರ್ಕೊಂಡೋಗೋ ಆ ಡಾಕ್ಟರಮ್ಮನಿಗೂ ಒಂದೊಂದು ಕಟ್ಟಿಕೊಡು, ಪಾಪ ಹುಲ್ಲುಕಡ್ಡಿ ಹಂಗವ್ಳೆ, ಅಂತ ಅವರ ಅಪ್ಪಣೆ. ಹಿಂದೆ ಸೈಕಲ್ಲಿನಲ್ಲಿ ಇವರು, ನನ್ನ ಯಜಮಾನರು, ಮುಖ ಸರಿಯಾಗಿ ನನ್ನ ಹೆಬ್ಬೆರಳಿನ ಎದುರಿಗೆ, ಜಟಕಾ ನಿಧಾನವಾದರೆ ಬ್ರೇಕು ಹಿಡಿಯುತ್ತಾರೆ, ಓಡಿದರೆ ಎದ್ದು ತುಳಿಯುತ್ತಾರೆ, ಮದುವೆಯ ಮೆರವಣಿಗೆಯಲ್ಲೂ ಇಷ್ಟು ಹೊತ್ತು ನನ್ನ ಕಡೆ ನೋಡಿದವರಲ್ಲ.

ಎದುರಿಗೆ ಕೂತ ಅತ್ತೆ ಅಕ್ಕಯ್ಯಮ್ಮ ಸೆರಗಿನ ತುದಿಯ ಗಂಟನ್ನು ಮತ್ತೆ ಮುಟ್ಟಿ ನೋಡಿಕೊಂಡರು, ಅದರಲ್ಲಿ ಬೆಳ್ಳಿ ಕಾಲಿದೆ, ನನಗೆ ಗೊತ್ತು, ಪಟಾಲಮ್ಮನಿಗೆ ಹೊತ್ತ ಹರಕೆ, ಸೊಸೆಯ ಕಾಲು ವಾಸಿಯಾದರೆ ಬೆಳ್ಳಿಯ ಕಾಲು ಒಪ್ಪಿಸುತ್ತೇನೆ ಅಂತ, ಜನ ವಾಸಿಯಾದ ಮೇಲೆ ಮಾಡಿಸುತ್ತಾರೆ, ಅತ್ತೆಗೆ ತಾಳ್ಮೆ ಎಲ್ಲಿ, ಹೋದ ವಾರವೇ ಅಕ್ಕಸಾಲಿ ವೀರಾಚಾರಿಯ ಹತ್ತಿರ ಮಾಡಿಸಿಟ್ಟಿದ್ದಾರೆ, ತೋರಿಸಿ ಅತ್ತೆಮ್ಮ ಅಂದರೆ, ಸುಮ್ನಿರೇ, ನೋಡೋ ಹೊತ್ಗೆ ನೋಡೀವಂತೆ. ನಮ್ಮಮ್ಮ ಮಾಗಡಿ ರಂಗನಾಥನಿಗೆ ಒಂದು ಕಾಲು ಹೇಳಿಕೊಂಡಿದ್ದಾಳೆ, ನಾದಿನಿ ಗಾಳಿ ಆಂಜನೇಯನಿಗೆ ಇನ್ನೊಂದು, ನನಗಿರುವುದು ಎರಡೇ ಕಾಲು, ದೇವರುಗಳ ಲೆಕ್ಕದಲ್ಲಿ ಮೂರಾಗಿದೆ, ಮೂವರೂ ಒಟ್ಟಿಗೆ ಬಂದು ಕೇಳಿದರೆ ಕುದುರೆಯದನ್ನು ಸಾಲ ತರಬೇಕು. ಆದರೆ ಆ ಕಾಲುಗಳು — ಪಟಾಲಮ್ಮನ ಗುಡಿಯ ಬಾಗಿಲಲ್ಲಿ ದಾರ ಕಟ್ಟಿ ತೂಗುಬಿಟ್ಟಿದ್ದಾರಲ್ಲ, ಬೆರಳುದ್ದದ ಬೆಳ್ಳಿ ಕಾಲುಗಳು, ಎಲ್ಲ ವೀರಾಚಾರಿಯ ಅಚ್ಚಿನವೇ, ಐದು ಬೆರಳು, ಕಾಲ್ಗಡಗದ ಗೆರೆ, ನಡುವೆ ಅವರೆಕಾಳಿನಂತೆ ಉಬ್ಬಿದ ಮಂಡಿ, ಹೋದ ಮಂಗಳವಾರ ಇವರ ಭುಜ ಹಿಡಿದು ಕುಂಟುತ್ತ ಕೈಮುಗಿಯಲು ಹೋದಾಗ ಗಾಳಿಗೆ ಎಲ್ಲ ಮಂಡಿಗಳೂ ಒಟ್ಟಿಗೆ ಮಿನುಗಿದವು, ನನಗೆ ಹೊಟ್ಟೆ ಉರಿಯಿತು, ನಿಜವಾಗಿ ಉರಿಯಿತು, ಬೆಳ್ಳಿಯ ತುಂಡಿಗೆ ಮಂಡಿ ಯಾಕಮ್ಮಾ, ಅದೇನು ಕುಕ್ಕರಗಾಲಲ್ಲಿ ಕೂರುತ್ತದೆಯೇ.

ಇಲ್ಲಿ ನಮ್ಮ ಅವರೆ ಹೊಲವಿತ್ತು, ಈಗ ಸಾಲಾಗಿ ಸೈಟಿನ ಕಲ್ಲು, ಅದೋ ಆ ಕಲ್ಲನ್ನೇ ನಾನು ಎಡವಿದ್ದು, ಹುಲ್ಲಿನ ಹೊರೆ ಹೊತ್ತು ಬರುವಾಗ, ಮಂಡಿ ಊದಿತು, ಎಣ್ಣೆ ತಿಕ್ಕಿದರು, ಇಳಿಯಲಿಲ್ಲ, ಮೊಟ್ಟೆ ಬಳಿದು ಸುತ್ತುವ ಪುತ್ತೂರು ಕಟ್ಟು ಕಟ್ಟಿಸಿದರು, ಮೊಟ್ಟೆಯ ವಾಸನೆಗೆ ಬೀದಿಯ ನಾಯಿಗಳೆಲ್ಲ ನನ್ನ ನೆಂಟರಾದವು, ಊತ ಮಾತ್ರ ಏರುತ್ತಲೇ ಹೋಯಿತು, ಪಾಪದ ಕಲ್ಲು, ವರ್ಷವೆಲ್ಲ ಅದನ್ನು ಬೈದದ್ದೇ ಬೈದದ್ದು, ಮಿಷನ್ ಆಸ್ಪತ್ರೆಯ ಡಾಕ್ಟರಮ್ಮ ಎಕ್ಸ್‌ರೇ ಹಿಡಿದು ನೋಡಿ, ಕಲ್ಲಿನ ತಪ್ಪೇನೂ ಇಲ್ಲವಮ್ಮಾ, ಎಲುಬಿನೊಳಗೆ ಕ್ಯಾನ್ಸರು ಎಂಬ ಗಂಟು ಬೆಳೆಯುತ್ತಲಿದೆ, ಭಯಪಡಬೇಡಿರಿ ಎಂದರು. ಡಾಕ್ಟರಮ್ಮನ ಕನ್ನಡವೇ ಹಾಗೆ, ಪುಸ್ತಕ ಓದಿದ ಹಾಗೆ, ಭಯಪಡಬೇಡಿರಿ ಅಂದಾಗಲೇ ನನಗೆ ಜಾಸ್ತಿ ಭಯ. ಇಂಗ್ಲೆಂಡಿನ ತಮ್ಮ ಊರಿನ ಕಡೆ ರಜಕ್ಕೆ ಹೊರಟಿದ್ದಾರೆ, ನಿಮ್ಮನ್ನು ನನ್ನ ಸಂಗಡ ಕರೆದುಕೊಂಡು ಹೋಗುವೆನು, ನನಗೆ ಕಲಿಸಿದ ದೊಡ್ಡ ಡಾಕ್ಟರು ಇಂಥ ಎಲುಬುಗಳನ್ನೇ ನೋಡುವವರು, ಅಲ್ಲಿನ ಆಸ್ಪತ್ರೆಯವರೇ ಎಲ್ಲವನ್ನೂ ನೋಡಿಕೊಳ್ಳುವರು ಎಂದರು. ಆಮೇಲೆ ಬಾಗಿಲು ಹಾಕಿ ನಮ್ಮಿಬ್ಬರಿಗೇ ಹೇಳಿದರು, ನನಗೂ ಇವರಿಗೂ, ಕೊಯ್ದು ನೋಡಿದ ಮೇಲೆಯೇ ತಿಳಿಯುವದು, ಗಂಟು ಹಬ್ಬಿದ್ದರೆ ಕಾಲನ್ನೇ ತೆಗೆಯಬೇಕಾದೀತು, ಹಬ್ಬಿರದಿದ್ದರೆ ಮಂಡಿಯನ್ನು ತೆಗೆದು ಮೇಲಿನ ಎಲುಬನ್ನೂ ಕೆಳಗಿನ ಎಲುಬನ್ನೂ ಕೂಡಿಸುವರು, ನಡೆಯುವಿರಿ, ಆದರೆ ಕಾಲು ಇನ್ನೆಂದಿಗೂ ಬಗ್ಗುವದಿಲ್ಲ. ಒಳ್ಳೆಯದು ಅಂದರೆ ಇದೇ ಒಳ್ಳೆಯದಂತೆ. ಹೊರಗೆ ಬೆಂಚಿನಲ್ಲಿ ಕಾಯುತ್ತಿದ್ದ ಅತ್ತೆ, ಏನಂದ್ಲು, ಅಂದರು, ವಾಸಿಯಾಗ್ತದಂತೆ ಅತ್ತೆಮ್ಮ, ಅಂದುಬಿಟ್ಟೆ, ಮಂಡಿಯ ಮಾತು ಎತ್ತಲಿಲ್ಲ, ಹೇಗೆ ಎತ್ತಲಿ.

ಚೌಕಾಬಾರದ ಮನೆ ನಮ್ಮ ಜಗಲಿಯ ಕಲ್ಲಿನಲ್ಲೇ ಕೆತ್ತಿದೆ, ಅತ್ತೆಯ ಅತ್ತೆ ಕೆತ್ತಿಸಿದ್ದಂತೆ, ಮದುವೆಯಾದ ಹೊಸತರಲ್ಲಿ ಅಡುಗೆಮನೆಯ ಮೂಲೆಯಲ್ಲಿ ಬೆದರಿ ಕೂತಿದ್ದೆ, ಈ ಅಕ್ಕಯ್ಯಮ್ಮನ ಬಾಯಿ ಅಂದರೆ ಊರೇ ನಡುಗುತ್ತದೆ ಎಂದು ತವರಿನವರು ಹೇಳಿ ಕಳಿಸಿದ್ದರು, ಅತ್ತೆ ಬಂದವರೇ ಕವಡೆ ಕುಲುಕುತ್ತ, ಶಿವಗಂಗಾ, ಆಡ್ತೀಯೇನೇ, ಅಂದರು, ಅವತ್ತೇ ಸೋಲಿಸಿದೆ, ಅವತ್ತೇ ಬೈಸಿಕೊಂಡೆ, ಅವತ್ತಿನಿಂದ ಮಕ್ಕಳಿಲ್ಲದ ಆ ಮನೆಯಲ್ಲಿ ನಾವಿಬ್ಬರೇ ಮಕ್ಕಳು. ಅತ್ತೆ ಕಳ್ಳಾಟ ಆಡುತ್ತಾರೆ, ಮೊಣಕೈಯಿಂದ ಕಾಯಿ ಸರಿಸಿ ಕೆಮ್ಮುತ್ತಾರೆ, ನಾನು ಬಲಮಂಡಿ ಎತ್ತಿ ಅದರ ಮೇಲೆ ಗದ್ದ ಊರಿ ನೋಡುತ್ತ ಕೂತಿರುತ್ತೇನೆ, ಗದ್ದ ಊರಿದರೇ ನನಗೆ ಬುದ್ಧಿ ಓಡುವುದು, ಎದುರಾಳಿಯ ಒಂದು ಕಾಯಾದರೂ ಕಡಿಯದೆ ಒಳಮನೆಗೆ ಹೋಗುವಂತಿಲ್ಲ, ಆಟದ ಕಟ್ಟು ಅದು, ಇಲ್ಲಿ ನೋಡಿದರೆ ಕಡಿಸಿಕೊಂಡು ಮನೆಗೆ ಬರಬೇಕಾದವಳು ನಾನೇ. ನಗು ಬಂತು. ಯಾಕೇ ನಗ್ತೀಯಾ, ಏನಿಲ್ಲ ಅತ್ತೆಮ್ಮ. ಇವತ್ತು ಬೆಳಿಗ್ಗೆಯೂ ಒಂದು ಆಟ ಹೂಡಿದ್ದರು, ಅರ್ಧಕ್ಕೇ ಜಟಕಾ ಬಂತು, ಕಾಯಿ ಹಂಗೇ ಇರ್ಲಿ, ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ, ನೀ ಬಂದ್ಮೇಲೆ ಮುಗ್ಸಾಣ, ಅಂದು ಮೇಲೊಂದು ಬುಟ್ಟಿ ಮುಚ್ಚಿದರು. ಆ ಬುಟ್ಟಿಯ ಮುಂದೆ ನಾನು ಯಾವ ಕಾಲಿನಲ್ಲಿ ಬಂದು ಕೂರಲಿ, ಗದ್ದ ಎಲ್ಲಿ ಊರಲಿ, ಹಡಗಿಗೆ ಹೆದರಲಿಲ್ಲ, ಕೊಯ್ಯುವುದಕ್ಕೂ ಅಷ್ಟಾಗಿ ಹೆದರಲಿಲ್ಲ, ಆ ಬುಟ್ಟಿ ನೋಡಿ ಅಳು ಬಂದುಬಿಟ್ಟಿತು, ಹುಲ್ಲಿನ ಧೂಳು ಕಣ್ಣಿಗೆ ಬಿತ್ತು ಅಂದೆ, ಜಟಕಾ ಇನ್ನೂ ಹತ್ತಿಯೇ ಇರಲಿಲ್ಲ.

ಗೆಜ್ಜೆ ನಿಂತಿತು. ರೈಲ್ವೆ ಗೇಟು ಹಾಕಿದ್ದಾರೆ, ಗೂಡ್ಸು ಬರಬೇಕು, ಸಾಬರು ಬೀಡಿ ಹಚ್ಚಿದರು, ಇವರು ಸೈಕಲ್ ಇಳಿದು ಹತ್ತಿರ ಬಂದು ಗಾಡಿಯ ಕಂಬಿ ಹಿಡಿಯುವ ನೆಪದಲ್ಲಿ ನನ್ನ ಹೆಬ್ಬೆರಳು ಹಿಡಿದುಕೊಂಡರು, ನಡುರಸ್ತೆಯಲ್ಲಿ, ತಾಯಿಯ ಎದುರಿಗೆ, ನಾಚಿಕೆಯಾಯಿತು, ಹಿತವೂ ಆಯಿತು, ಬಿಡಿಸಿಕೊಳ್ಳಲಿಲ್ಲ. ಅತ್ತೆ ಅದನ್ನು ನೋಡಿಯೂ ನೋಡದವರಂತೆ ಹಲ್ಲಿನಿಂದ ಸೆರಗಿನ ಗಂಟು ಬಿಚ್ಚಿದರು, ತಗಾ, ನೋಡ್ಬೇಕು ಅಂತಿದ್ಯಲ್ಲ, ನೋಡು. ಅಂಗೈ ಮೇಲೆ ಬೆಳ್ಳಿ ಕಾಲು, ಐದು ಬೆರಳು, ಕಾಲ್ಗಡಗದ ಗೆರೆ, ನಡುವೆ — ಅವರೆಕಾಳಿಲ್ಲ, ಚಪ್ಪಟೆ, ಸುತ್ತಿಗೆಯ ಸಣ್ಣ ಸಣ್ಣ ಗುರುತು, ಕೋಲಿನಂತೆ ನೆಟ್ಟಗಿದೆ, ತಿರುಗಿಸಿ ನೋಡಿದೆ, ಆ ಕಡೆಯೂ ಇಲ್ಲ. ಆಚಾರಿ ಮಂಡಿ ಮರ್ತ್ರಾ ಅತ್ತೆಮ್ಮ, ಮರ್ಯಕ್ಕೆ ಅವನೇನು ಕುಡ್ಕನಾ, ನಾನೇ ಮುಂದೆ ಕೂತು ತಟ್ಟಿಸ್ದೆ, ಮಂಡಿ ಹೋಗ್ತದೆ ಅಂತ ನನಗೆ ಗೊತ್ತಿಲ್ವೇನೇ, ನಿನ್ ಗಂಡ ಯಾವತ್ತು ಹೊಟ್ಟೇಲಿ ಮಾತು ಇಟ್ಕೊಂಡಿದ್ದ, ಅವತ್ತು ಸಂಜೆನೇ ಬಂದು ಕಣ್ಣೀರು ಹಾಕ್ದ. ನಾನು ಇವರನ್ನು ನೋಡಿದೆ, ಇವರು ಗೂಡ್ಸು ಬರುವ ದಿಕ್ಕು ನೋಡಿದರು, ಹೆಬ್ಬೆರಳು ಮಾತ್ರ ಬಿಡಲಿಲ್ಲ. ಮಂಡಿನೂ ಕೊಡು ಅಂತ ಕೇಳಿ ಪಟಾಲಮ್ಮನ್ನ ಯಾಕೆ ಇಕ್ಕಟ್ಟಿಗೆ ಸಿಗ್ಸಾದು, ಕೊಡೋಕಾಗೋದನ್ನ ಕೇಳಿದ್ರೆ ಇಲ್ಲ ಅನ್ನಕ್ಕೆ ಅವಳಿಗೆ ಬಾಯಿ ಬರಲ್ಲ, ನೆಟ್ಟಗಿನ ಕಾಲೇ ಸಾಕು ತಾಯಿ ಅಂತ ತೋರಿಸ್ಕೊಂಡು ಬಂದಿದೀನಿ, ಈಗ ನೀನು ತಗೊಂಡೋಗಿ ಆ ದೊಡ್ಡ ಡಾಕ್ಟರಿಗೆ ತೋರ್ಸು, ಇಂಥಾದ್ದೇ ಬೇಕು ಅನ್ನು, ದರ್ಜಿಗೆ ಅಳತೆ ರವಿಕೆ ಕೊಡಲ್ವಾ ಹಂಗೆ, ಸುಮ್ನೆ ಪೂರಾ ಕತ್ತರಿಸ್ಬುಟ್ಟಾನು, ಮತ್ತೆ ಜೋಪಾನವಾಗಿ ತಂದು ನಿನ್ ಕೈಯಾರೆ ಗುಡಿ ಬಾಗ್ಲಿಗೆ ಕಟ್ಟು. ಆಟಕ್ಕೆ, ಅತ್ತೆಮ್ಮ, ಕೂರೋದು — ಕಾಲು ಜಗಲಿ ಉದ್ದಕ್ಕೆ ಚಾಚ್ಕೊ, ಯಾರ್ ಬ್ಯಾಡ ಅಂದ್ರು, ಗದ್ದ ಊರಕ್ಕೆ ಎಡಮಂಡಿ ಐತಲ್ಲ, ಅದನ್ನೇನು ದೇವ್ರಿಗೆ ಬಿಟ್ಟಿದ್ದೀಯಾ.

ನಕ್ಕೆ, ನಗುತ್ತ ನಗುತ್ತ ಕಣ್ಣಲ್ಲಿ ನೀರು, ಈ ಸಲ ಹುಲ್ಲಿನ ಧೂಳು ಅನ್ನಲಿಲ್ಲ, ಅತ್ತೆ ನನ್ನ ಮೂಗನ್ನು ತಮ್ಮ ಸೆರಗಿನಿಂದಲೇ ಒರೆಸಿದರು, ಗಂಟು ಬಿಚ್ಚಿದ ಸುಕ್ಕು ಸೆರಗು, ಗೂಡ್ಸು ಗಡಗಡ ಹೋಗುತ್ತಲೇ ಇದೆ, ಸ್ಟೇಷನ್ನಿನಲ್ಲಿ ಡಾಕ್ಟರಮ್ಮ ಕಾಯುತ್ತಿರುತ್ತಾರೆ, ಅವರಿಗೆ ಇದನ್ನು ತೋರಿಸಿದರೆ ಏನನ್ನುತ್ತಾರೋ, ಆಗಲಿ ಅನ್ನುತ್ತಾರೆ, ಅಳತೆ ತಂದಿರುವಿರಾ, ಒಳ್ಳೆಯದು ಅನ್ನುತ್ತಾರೆ, ಗೇಟು ಎದ್ದಿತು, ಗೆಜ್ಜೆ ಝಲ್ ಎಂದಿತು, ಇನ್ನೂ ಏನೇನೋ ಯೋಚಿಸುವುದಿತ್ತು, ಬೊಂಬಾಯಿ, ಹಡಗು, ಆ ಊರಿನ ಚಳಿ, ಯಾವುದೂ ಮುಂದಕ್ಕೆ ಬರುತ್ತಿಲ್ಲ, ಅಂಗೈ ಮೇಲೆ ಕಾಲು, ಐದು ಬೆರಳು, ಮಂಡಿ ಇರಬೇಕಾದಲ್ಲಿ ಸುತ್ತಿಗೆಯ ಗುರುತು, ಐದು ಬೆರಳು, ಸುತ್ತಿಗೆಯ ಗುರುತು, ನೆಟ್ಟಗಿನ ಕಾಲು, ನನ್ನ ಅಳತೆಯ ಕಾಲು —